ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯ ವಂಶಾವಳಿ ಶೋಧನೆ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯ ವಂಶಾವಳಿ ಶೋಧನೆ ಎಂದರೆ ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಮನೆತನಗಳ ಪೂರ್ವಜರನ್ನು, ಅವರ ಮೂಲ ಊರನ್ನು, ವೃತ್ತಿಯನ್ನು ಮತ್ತು ಹಕ್ಕುಗಳನ್ನು ದಾಖಲೆ ಹಾಗೂ ಮೌಖಿಕ ಪರಂಪರೆಗಳ ನೆರವಿನಿಂದ ಗುರುತಿಸುವ ಅಧ್ಯಯನ. ಭೀಮಾ ನದಿಯ ಆಸುಪಾಸಿನ ಈ ಪ್ರದೇಶವು ಬಹಮನಿ, ಆದಿಲ್‌ಶಾಹಿ, ಮೊಘಲ್ ಮತ್ತು ಆಸಫ್‌ಜಾಹಿ ಆಳ್ವಿಕೆಗಳನ್ನು ಕಂಡಿದೆ. ಆದ್ದರಿಂದ ಒಂದೇ ಮನೆತನದ ಕಾಗದಪತ್ರಗಳು ಪಾರಸಿ, ಮರಾಠಿ, ಉರ್ದು ಮತ್ತು ಕನ್ನಡ ಭಾಷೆಗಳಲ್ಲಿ ದೊರೆಯುತ್ತವೆ. ಹದಿನೇಳನೆಯ ಶತಮಾನದವರೆಗೆ ಹಿಂದಕ್ಕೆ ಹೋಗಬಲ್ಲ ವಂಶಾವಳಿಗಳು ಹೆಚ್ಚಾಗಿ ದೇಶಮುಖ, ದೇಶಪಾಂಡೆ, ಪಾಟೀಲ ಮತ್ತು ಕುಲಕರ್ಣಿ ಎಂಬ ವತನದಾರ ಮನೆತನಗಳವು. ಉಳಿದ ಸಮುದಾಯಗಳ ವಂಶಸ್ಮೃತಿಯನ್ನು ಬಹುಮಟ್ಟಿಗೆ ಹೆಳವರು ಕಾಪಾಡಿಕೊಂಡು ಬಂದಿದ್ದಾರೆ.

ಈ ಸೀಮೆಯ ಹಳೆಯ ವಂಶಾವಳಿಗಳಲ್ಲಿ ಹೆಚ್ಚಿನವು ಯಾವುದಾದರೊಂದು ಹಕ್ಕನ್ನು ಸಾಧಿಸುವ ಉದ್ದೇಶದಿಂದ ಬರೆಯಲ್ಪಟ್ಟವು. ಹಕ್ಕಿದ್ದವರ ಹೆಸರುಗಳು ಉಳಿದವು. ಹಕ್ಕಿಲ್ಲದವರ ಮತ್ತು ಹೆಣ್ಣುಮಕ್ಕಳ ಹೆಸರುಗಳು ಬಹುಪಾಲು ಬಿಟ್ಟುಹೋದವು. ಈ ಸಂಗತಿಯನ್ನು ಗಮನದಲ್ಲಿಟ್ಟುಕೊಂಡೇ ಇಲ್ಲಿಯ ದಾಖಲೆಗಳನ್ನು ಓದಬೇಕಾಗುತ್ತದೆ.

ಚಾರಿತ್ರಿಕ ಹಿನ್ನೆಲೆ

1347ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾದಾಗ ಕಲಬುರಗಿಯು ಅದರ ರಾಜಧಾನಿಯಾಯಿತು. ಬಹಮನಿ ರಾಜ್ಯವು ಒಡೆದ ಬಳಿಕ ಈ ಭಾಗವು ಬಿಜಾಪುರದ ಆದಿಲ್‌ಶಾಹಿಗಳ ಪ್ರಭಾವಕ್ಕೆ ಒಳಪಟ್ಟಿತು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದ ಮೇಲೆ ಮೊಘಲರ ದಖನ್ ಆಡಳಿತವೂ, 1724ರ ನಂತರ ಹೈದರಾಬಾದಿನ ನಿಜಾಮರ ಆಡಳಿತವೂ ನೆಲೆಗೊಂಡವು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿತು.

ಅರಸೊತ್ತಿಗೆಗಳು ಬದಲಾದರೂ ಹಳ್ಳಿಯ ಮಟ್ಟದ ಹುದ್ದೆಗಳು ವಂಶಪಾರಂಪರ್ಯವಾಗಿ ಮುಂದುವರಿದವು. ಪರಗಣೆಯ ಮಟ್ಟದಲ್ಲಿ ದೇಶಮುಖನು ಆಡಳಿತವನ್ನೂ ದೇಶಪಾಂಡೆಯು ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದರು. ಹಳ್ಳಿಯಲ್ಲಿ ಪಾಟೀಲ ಅಥವಾ ಗೌಡನು ಮುಖ್ಯಸ್ಥನಾಗಿದ್ದರೆ ಕುಲಕರ್ಣಿಯು ಲೆಕ್ಕಿಗನಾಗಿದ್ದನು. ದಕ್ಷಿಣ ಕರ್ನಾಟಕದ ಶಾನುಭೋಗನೂ ಶಾಸನಗಳಲ್ಲಿ ಬರುವ ಸೇನಬೋವನೂ ಇದೇ ಕೆಲಸದವರು. ಹುದ್ದೆಯೊಂದಿಗೆ ಬರುತ್ತಿದ್ದ ಇನಾಮು ಭೂಮಿ, ಧಾನ್ಯದ ಪಾಲು ಮತ್ತು ಹಬ್ಬಹರಿದಿನಗಳಲ್ಲಿ ಸಲ್ಲುವ ಮಾನಮರ್ಯಾದೆಗಳೆಲ್ಲ ಸೇರಿ ವತನವೆನಿಸುತ್ತಿದ್ದವು. ವತನವನ್ನು ಸಹೋದರರು ಹಂಚಿಕೊಳ್ಳಬಹುದಾಗಿತ್ತು, ಮಾರಬಹುದಾಗಿತ್ತು, ದತ್ತು ಪುತ್ರನಿಗೂ ದಾಟಿಸಬಹುದಾಗಿತ್ತು. ಈ ಪ್ರತಿಯೊಂದು ಸಂದರ್ಭದಲ್ಲಿಯೂ ಪೂರ್ವಜರ ಪಟ್ಟಿಯ ಅಗತ್ಯ ಬೀಳುತ್ತಿತ್ತು.

ಕುಲಕರ್ಣಿಯು ಲೆಕ್ಕ ಬರೆಯುವುದರ ಜೊತೆಗೆ ಕ್ರಯಪತ್ರ, ವಾಟಣಿಪತ್ರ ಮತ್ತು ಸಾಲಪತ್ರಗಳನ್ನು ಬರೆದುಕೊಡುವವನೂ ಆಗಿದ್ದನು. ಓದುಬರಹ ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ ಹಳ್ಳಿಯ ಕಾನೂನು ವ್ಯವಹಾರಗಳು ಆತನ ಲೇಖಣಿಯನ್ನು ಅವಲಂಬಿಸಿದ್ದವು. ಆದ್ದರಿಂದ ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಗ್ರಾಮಾಂತರ ವಕೀಲನಿಗೂ ಇದೇ ಕಾಲದ ದಖನ್ನಿನ ಕುಲಕರ್ಣಿಗೂ ಕೆಲಸದ ದೃಷ್ಟಿಯಿಂದ ಸಾಮ್ಯವಿದೆ. ಆದರೆ ಇಬ್ಬರ ಮನೆತನಗಳನ್ನು ಹುಡುಕುವ ದಾರಿಗಳು ಭಿನ್ನವಾಗಿವೆ. ಇಂಗ್ಲೆಂಡಿನಲ್ಲಿ 1538ರಿಂದ ಪ್ರತಿಯೊಂದು ಪ್ಯಾರಿಷ್ ಚರ್ಚು ದೀಕ್ಷಾಸ್ನಾನ, ವಿವಾಹ ಮತ್ತು ಶವಸಂಸ್ಕಾರಗಳನ್ನು ದಾಖಲಿಸಬೇಕೆಂಬ ನಿಯಮ ಬಂದಿತು. ಅದರಿಂದ ಬಡವರ ಹೆಸರುಗಳೂ ಉಳಿದವು. ಭೀಮಾ ತೀರದಲ್ಲಿ ಜನನ ಮರಣಗಳನ್ನು ಹೀಗೆ ಎಲ್ಲರಿಗೂ ಸಮನಾಗಿ ದಾಖಲಿಸುವ ಸಂಸ್ಥೆ ಇರಲಿಲ್ಲ.

ಆದಿಲ್‌ಶಾಹಿ ಮತ್ತು ಮೊಘಲ್ ಕಾಲದ ಆಕರಗಳು

ಮೊದಲನೆಯ ಇಬ್ರಾಹಿಂ ಆದಿಲ್‌ಶಾಹನು (ಆಳ್ವಿಕೆ 1534–1558) ಕಂದಾಯದ ಲೆಕ್ಕಗಳನ್ನು ಪಾರಸಿಯ ಬದಲಾಗಿ ಸ್ಥಳೀಯ ಭಾಷೆಯಲ್ಲಿ ಇಡುವ ಪದ್ಧತಿಯನ್ನು ತಂದನು. ಇದರಿಂದ ಸ್ಥಳೀಯ ಲೆಕ್ಕಿಗ ಮನೆತನಗಳ ಪ್ರಾಬಲ್ಯ ಹೆಚ್ಚಿತು. ಸುಲ್ತಾನರ ಫರ್ಮಾನುಗಳು ಪಾರಸಿಯಲ್ಲಿದ್ದರೆ, ಹಳ್ಳಿ ಮತ್ತು ಪರಗಣೆಯ ಕಾಗದಗಳು ಬಹಳಷ್ಟು ಕಡೆ ಮೋಡಿ ಲಿಪಿಯ ಮರಾಠಿಯಲ್ಲಿವೆ.

ವಂಶಾವಳಿ ಶೋಧನೆಗೆ ಈ ಕಾಲದ ಅತ್ಯಂತ ಉಪಯುಕ್ತ ದಾಖಲೆಯೆಂದರೆ ಮಹಜರು. ವತನದ ಬಗ್ಗೆ ವ್ಯಾಜ್ಯ ಬಂದಾಗ ಅಧಿಕಾರಿಗಳು, ಪರಗಣೆಯ ವತನದಾರರು, ಊರಿನ ಹಿರಿಯರು ಮತ್ತು ಆಯಗಾರರು ಸಭೆ ಸೇರಿ ವಿಚಾರಣೆ ನಡೆಸಿ, ನಿರ್ಣಯವನ್ನು ಬರೆಯಿಸಿ, ಅದರ ಮೇಲೆ ಸಾಕ್ಷಿ ಹಾಕುತ್ತಿದ್ದರು. ಇಂದು ಪೊಲೀಸ್ ಮತ್ತು ಕಂದಾಯ ಇಲಾಖೆಗಳಲ್ಲಿ ಸ್ಥಳ ಪರಿಶೀಲನೆಯ ವರದಿಗೆ ಬಳಕೆಯಲ್ಲಿರುವ ‘ಮಹಜರು’ ಎಂಬ ಪದ ಇದೇ ಮೂಲದ್ದು. ವಿಚಾರಣೆಯ ಸಮಯದಲ್ಲಿ ವಾದಿ ಪ್ರತಿವಾದಿಗಳು ತಮ್ಮ ಮನೆತನದ ಪೂರ್ವವೃತ್ತಾಂತವನ್ನು ಒಪ್ಪಿಸುತ್ತಿದ್ದರು. ಇದಕ್ಕೆ ಕರೀನಾ ಎಂದು ಹೆಸರು. ಮೂಲಪುರುಷ ಯಾರು, ಅವನಿಗೆ ಎಷ್ಟು ಮಕ್ಕಳು, ಯಾರ ಶಾಖೆ ನಷ್ಟಸಂತಾನವಾಯಿತು, ಬರಗಾಲದಲ್ಲಿ ಯಾರು ಊರು ಬಿಟ್ಟರು, ವತನವು ಯಾರ ಕೈ ಸೇರಿತು ಎಂಬ ವಿವರಗಳು ಇದರಲ್ಲಿ ಕ್ರಮವಾಗಿ ಬರುತ್ತವೆ.

ಮಹಜರಿನ ಕೊನೆಯಲ್ಲಿರುವ ಸಾಕ್ಷಿಗಳ ಪಟ್ಟಿಯು ಸಹ ಮುಖ್ಯವಾದದ್ದು. ಅಕ್ಷರ ಬಾರದವರು ತಮ್ಮ ವೃತ್ತಿಯ ನಿಶಾನಿಯನ್ನು ಹಾಕುತ್ತಿದ್ದರು. ಪಾಟೀಲನ ಹೆಸರಿನ ಮುಂದೆ ನೇಗಿಲಿನ ಚಿತ್ರ, ಇತರ ಕಸುಬುದಾರರ ಹೆಸರಿನ ಮುಂದೆ ಅವರವರ ಉಪಕರಣದ ಚಿತ್ರ ಇರುತ್ತಿತ್ತು. ಊರಿನ ಗಡಿಯನ್ನು ಬಲ್ಲ ಕೆಳಸ್ತರದ ಗ್ರಾಮಸೇವಕರ ಮಾತಿಗೆ ಗಡಿ ವ್ಯಾಜ್ಯಗಳಲ್ಲಿ ವಿಶೇಷ ಬೆಲೆಯಿತ್ತು. ಭೂಮಿಯ ಒಡೆತನವಿಲ್ಲದ ಸಮುದಾಯಗಳ ವ್ಯಕ್ತಿಗಳು ಹೆಸರು ಸಮೇತ ಕಾಣಸಿಗುವ ಅಪರೂಪದ ಸ್ಥಳಗಳಲ್ಲಿ ಈ ಸಾಕ್ಷಿಪಟ್ಟಿಯೂ ಒಂದು.

ಇಂಥ ಕಾಗದಗಳ ಮೂಲಪ್ರತಿಗಳು ಅನೇಕ ಸಲ ಮನೆತನಗಳ ಬಳಿಯೇ ಉಳಿದಿವೆ. ಸಾರ್ವಜನಿಕ ಸಂಗ್ರಹಗಳಲ್ಲಿ ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರವು ಪ್ರಮುಖವಾದದ್ದು. ಶಾಹಜಹಾನ್ ಮತ್ತು ಔರಂಗಜೇಬರ ಕಾಲದ ದಖನ್ ಆಡಳಿತದ ಪಾರಸಿ ಕಾಗದಗಳು ಹಾಗೂ ನಿಜಾಮ ಸಂಸ್ಥಾನದ ದಫ್ತರಗಳು ಅಲ್ಲಿವೆ. 1910ರಲ್ಲಿ ಸ್ಥಾಪನೆಯಾದ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಲದಲ್ಲಿಯೂ ಆದಿಲ್‌ಶಾಹಿ ಕಾಲದ ದಾಖಲೆಗಳಿವೆ.

ನಿಜಾಮರ ಕಾಲದ ಆಕರಗಳು

1853ರಿಂದ 1883ರವರೆಗೆ ಹೈದರಾಬಾದಿನ ದಿವಾನನಾಗಿದ್ದ ಮೊದಲನೆಯ ಸಾಲಾರ್‌ಜಂಗನು ಕಂದಾಯ ಆಡಳಿತವನ್ನು ಸುಧಾರಿಸಿದನು. 1865ರ ಜಿಲ್ಲಾಬಂದಿ ವ್ಯವಸ್ಥೆಯಿಂದ ಜಿಲ್ಲೆ ಮತ್ತು ತಾಲ್ಲೂಕುಗಳ ಆಡಳಿತಕ್ಕೆ ಖಚಿತ ರೂಪ ಬಂದಿತು. ಮುಂದೆ ನಡೆದ ಭೂಮಾಪನದಿಂದ ಸರ್ವೆ ನಂಬರು ಮತ್ತು ಪಟ್ಟೇದಾರರ ಹೆಸರುಗಳುಳ್ಳ ಸೇತ್ವಾರಗಳು ತಯಾರಾದವು. ಒಂದೇ ಸರ್ವೆ ನಂಬರಿನ ದಾಖಲೆಯನ್ನು ಹಿಂದಕ್ಕೆ ಅನುಸರಿಸುತ್ತ ಹೋದರೆ ಮೂರು ನಾಲ್ಕು ತಲೆಮಾರಿನ ಹೆಸರುಗಳು ಸಿಗುವುದುಂಟು.

ಇನಾಮು, ಜಾಗೀರು ಮತ್ತು ಧಾರ್ಮಿಕ ದತ್ತಿಗಳ ವಿಚಾರಣೆಗಳನ್ನು ಅತಿಯಾತ್ ವಿಚಾರಣೆಗಳೆಂದು ಕರೆಯಲಾಗುತ್ತಿತ್ತು. ವಿಚಾರಣೆಯ ತೀರ್ಮಾನದ ಸಾರವನ್ನು ಮುಂತಖಬ್ ಎಂಬ ಪತ್ರದಲ್ಲಿ ಬರೆದುಕೊಡಲಾಗುತ್ತಿತ್ತು. ಹಕ್ಕುದಾರನು ತೀರಿಕೊಂಡಾಗ ವಾರಸುದಾರರನ್ನು ನಿರ್ಧರಿಸಲು ವಿರಾಸತ್ ವಿಚಾರಣೆ ನಡೆಯುತ್ತಿತ್ತು. ಗುಡಿ, ಮಠ, ಮಸೀದಿ ಮತ್ತು ದರ್ಗಾಗಳ ಸೇವೆಗೆ ಸಂಬಂಧಿಸಿದ ಇನಾಮುಗಳಿಗೂ ಇದು ಅನ್ವಯಿಸುತ್ತಿತ್ತು. ಆದಕಾರಣ ಅರ್ಚಕರು, ಜಂಗಮರು, ಕಾಜಿಗಳು ಮತ್ತು ಮುಜಾವರರ ಮನೆತನಗಳ ವಂಶವೃಕ್ಷಗಳು ಈ ಕಡತಗಳಲ್ಲಿ ಸೇರಿವೆ. ಜಾಗೀರುಗಳನ್ನು 1949ರ ಆಗಸ್ಟಿನಲ್ಲಿ ರದ್ದುಪಡಿಸಲಾಯಿತು. ಇನಾಮುಗಳ ವಿಚಾರಣೆಗೆ 1952ರಲ್ಲಿ ಪ್ರತ್ಯೇಕ ಅತಿಯಾತ್ ವಿಚಾರಣಾ ಕಾಯಿದೆ ಬಂದಿತು.

1884ರಲ್ಲಿ ಸಂಸ್ಥಾನದ ಆಡಳಿತ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ಅಂದಿನಿಂದ 1948ರವರೆಗಿನ ನ್ಯಾಯಾಲಯದ ತೀರ್ಪುಗಳು, ವಕಾಲತ್ತಿನ ಕಾಗದಗಳು ಮತ್ತು ಕಂದಾಯದ ಆದೇಶಗಳು ಮುಖ್ಯವಾಗಿ ಉರ್ದುವಿನಲ್ಲಿವೆ. ಮನೆಮಾತು ಕನ್ನಡವಾಗಿದ್ದರೂ ಅಜ್ಜನ ಕಾಲದ ಆಸ್ತಿಪತ್ರವನ್ನು ಓದಲಾಗದೆ ಮೊಮ್ಮಕ್ಕಳು ಅನುವಾದಕರನ್ನು ಅರಸುವ ಪರಿಸ್ಥಿತಿಗೆ ಇದೇ ಕಾರಣ.

ಹೆಳವರು ಮತ್ತು ಮೌಖಿಕ ಪರಂಪರೆ

ಉತ್ತರ ಕರ್ನಾಟಕದಲ್ಲಿ ವಂಶಾವಳಿಯನ್ನು ಹೇಳುವುದನ್ನೇ ಕುಲವೃತ್ತಿಯಾಗಿಸಿಕೊಂಡ ಸಮುದಾಯ ಹೆಳವರದು. ‘ಹೆಳವ’ ಎಂಬ ಪದಕ್ಕೆ ಕುಂಟ ಎಂಬ ಅರ್ಥವಿದೆ. ಕಾಲಿಲ್ಲದ ಒಬ್ಬನಿಗೆ ಬಸವಣ್ಣನವರು ಎತ್ತನ್ನು ಕೊಟ್ಟು, ಮನೆತನಗಳ ವೃತ್ತಾಂತ ಹೇಳಿ ಜೀವಿಸುವಂತೆ ಹರಸಿದರು ಎಂಬ ಐತಿಹ್ಯವು ಸಮುದಾಯದಲ್ಲಿ ಪ್ರಚಲಿತವಾಗಿದೆ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬರುವ ಹೆಳವರು ಮನೆಮನೆಯ ಇತಿಹಾಸವನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವುದನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಹೆಳವರು ಸಾಮಾನ್ಯವಾಗಿ ಸುಗ್ಗಿಯ ನಂತರ ತಮಗೆ ಸೇರಿದ ಒಕ್ಕಲು ಮನೆಗಳಿಗೆ ಭೇಟಿ ಕೊಡುತ್ತಾರೆ. ಪ್ರತಿಯೊಂದು ಹೆಳವ ಕುಟುಂಬಕ್ಕೂ ನಿಗದಿತ ಊರುಗಳು ಮತ್ತು ಮನೆತನಗಳಿರುತ್ತವೆ. ಮನೆಯ ಮುಂದೆ ನಿಂತು ಮೂಲಪುರುಷನಿಂದ ಆರಂಭಿಸಿ ಇಂದಿನವರವರೆಗೆ ಹೆಸರುಗಳನ್ನು ಹೇಳುವುದು, ಹಿಂದಿನ ಭೇಟಿಯ ಬಳಿಕ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಳ್ಳುವುದು ಮತ್ತು ಕಾಳುಕಡಿ, ಬಟ್ಟೆ, ಹಣ ಮುಂತಾದ ಕಾಣಿಕೆ ಪಡೆಯುವುದು ರೂಢಿ. ತಾಮ್ರಪಟ, ಓಲೆಗರಿ ಮತ್ತು ಕಾಗದದ ಪುಸ್ತಕಗಳಲ್ಲಿ ಅವರು ವಂಶಾವಳಿಗಳನ್ನು ಕಾಯ್ದಿಟ್ಟಿದ್ದಾರೆ. ಅಮೆರಿಕದ ಯೂಟಾ ಮೂಲದ ಫ್ಯಾಮಿಲಿಸರ್ಚ್ ಸಂಸ್ಥೆಯು ಹೆಳವರ ಕೆಲವು ದಾಖಲೆಗಳ ಡಿಜಿಟಲ್ ಪ್ರತಿಗಳನ್ನು ತಯಾರಿಸಿದೆ.

ಹೆಳವರ ಹೇಳಿಕೆಯಲ್ಲಿ ಮನೆತನದ ಮೂಲ ಊರು, ವಲಸೆಯ ಕಾರಣ, ಮನೆದೇವರು ಮತ್ತು ಬೆಡಗುಗಳ ವಿವರವಿರುವುದರಿಂದ ಸರ್ಕಾರಿ ದಾಖಲೆಗಳಲ್ಲಿ ಸಿಗದ ಕೊಂಡಿಗಳು ಇಲ್ಲಿ ಸಿಗುತ್ತವೆ. ವತನವಿಲ್ಲದ ಒಕ್ಕಲುತನದ ಮನೆಗಳ ಪಾಲಿಗೆ ಹಲವು ಸಲ ಇದೊಂದೇ ಹಳೆಯ ಆಕರ. ಹೊಸ ತಲೆಮಾರಿನ ಹೆಳವರು ಶಿಕ್ಷಣ ಮತ್ತು ಬೇರೆ ಉದ್ಯೋಗಗಳತ್ತ ಸಾಗಿದಂತೆ ಹಳೆಯ ಪುಸ್ತಕಗಳನ್ನು ಓದಿ ಹೇಳಬಲ್ಲವರು ವಿರಳವಾಗುತ್ತಿದ್ದಾರೆ.

ಧಾರ್ಮಿಕ ಕೇಂದ್ರಗಳ ದಾಖಲೆಗಳು

ಕಾಶಿ, ಗಯೆ, ನಾಸಿಕ ಮತ್ತು ತ್ರ್ಯಂಬಕೇಶ್ವರಗಳ ತೀರ್ಥಪುರೋಹಿತರು ಯಾತ್ರೆಗೆ ಬಂದವರ ಹೆಸರು, ಊರು ಮತ್ತು ಪೂರ್ವಜರ ಹೆಸರುಗಳನ್ನು ವಹಿಗಳಲ್ಲಿ ಬರೆದಿಡುವ ಸಂಪ್ರದಾಯವಿದೆ. ಯಾತ್ರೆ ಮಾಡುವ ಅನುಕೂಲವಿದ್ದ ಮನೆತನಗಳನ್ನು ಅಲ್ಲಿ ಊರಿನ ಹೆಸರಿನಿಂದ ಹುಡುಕಬಹುದು.

ಮುಸ್ಲಿಂ ಮನೆತನಗಳಲ್ಲಿ ವಂಶವನ್ನೋ ಸೂಫಿ ಗುರುಪರಂಪರೆಯನ್ನೋ ತೋರಿಸುವ ಶಜರಾ ಎಂಬ ಪಟ್ಟಿಗಳಿರುತ್ತವೆ. ಕಲಬುರಗಿಯ ಖ್ವಾಜಾ ಬಂದೇನವಾಜರ ದರ್ಗಾ ಮತ್ತು ಆಳಂದದ ಲಾಡ್ಲೆ ಮಶಾಕ್ ದರ್ಗಾಗಳ ಸುತ್ತ ಬೆಳೆದ ಮನೆತನಗಳಿಗೆ ಇಂಥ ಪಟ್ಟಿಗಳು ಮುಖ್ಯ ಆಧಾರ. ಕಾಜಿಗಳು ಇಡುತ್ತಿದ್ದ ನಿಕಾಹ್ ಪುಸ್ತಕಗಳಲ್ಲಿ ವಧುವಿನ ಮತ್ತು ಆಕೆಯ ತಂದೆಯ ಹೆಸರುಗಳು ಇರುವುದರಿಂದ ಹೆಣ್ಣುಮಕ್ಕಳ ಗುರುತು ಹಚ್ಚಲು ಅವು ವಿಶೇಷವಾಗಿ ನೆರವಾಗುತ್ತವೆ.

ಕಾಲಗಣನೆ

ಹಳೆಯ ಕಾಗದಗಳಲ್ಲಿ ಹಲವು ಶಕೆಗಳು ಬಳಕೆಯಾಗಿವೆ. ಕ್ರಿಸ್ತಶಕ ವರ್ಷವನ್ನು ಪಡೆಯಲು ಶಾಲಿವಾಹನ ಶಕೆಗೆ 78 ಅಥವಾ 79, ಆದಿಲ್‌ಶಾಹಿ ಮತ್ತು ಮರಾಠಾ ಕಾಗದಗಳ ಶುಹೂರ್ ಸನ್‌ಗೆ 599 ಅಥವಾ 600, ನಿಜಾಮರ ಕಾಲದ ಫಸಲಿ ಸನ್‌ಗೆ 590 ಅಥವಾ 591 ಸೇರಿಸಬೇಕು. ಉದಾಹರಣೆಗೆ ಶುಹೂರ್ ಸನ್ 1060 ಎಂದರೆ 1659–60. ಫಸಲಿ 1358 ಎಂದರೆ 1948–49. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರ್ ತಿಂಗಳಲ್ಲಿ ಆಜೂರ್ ಮಾಸದಿಂದ ಆರಂಭವಾಗುತ್ತಿತ್ತು. ಹಿಜರಿ ವರ್ಷವು ಚಾಂದ್ರಮಾನದ್ದಾಗಿ ಸುಮಾರು 354 ದಿನಗಳಷ್ಟೇ ಇರುವುದರಿಂದ ಅದನ್ನು ಒಂದೇ ಸಂಖ್ಯೆಯನ್ನು ಕೂಡಿಸಿ ಪರಿವರ್ತಿಸಲು ಬರುವುದಿಲ್ಲ. ಶಕೆಯನ್ನು ತಪ್ಪಾಗಿ ಗ್ರಹಿಸಿದರೆ ತಂದೆ ಮಗನಿಗಿಂತ ಕಿರಿಯನಾಗಿ ಕಾಣುವ ಗೊಂದಲ ಉಂಟಾಗುತ್ತದೆ.

ಹೆಸರು ಮತ್ತು ಅಡ್ಡಹೆಸರುಗಳ ಸಮಸ್ಯೆ

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಜೋಡಿ ಹೆಸರು ತಲೆಮಾರುಗಳುದ್ದಕ್ಕೂ ಮರುಕಳಿಸುತ್ತದೆ. ಇದರಿಂದ ಇಬ್ಬರು ಬೇರೆ ವ್ಯಕ್ತಿಗಳನ್ನು ಒಬ್ಬನೆಂದು ಭಾವಿಸುವ ಸಂಭವ ಹೆಚ್ಚು. ಒಂದು ತಲೆಮಾರಿಗೆ 25ರಿಂದ 30 ವರ್ಷ ಎಂದು ಹಿಡಿದರೆ 1660ರಿಂದ 2000ದವರೆಗೆ 11ರಿಂದ 14 ತಲೆಮಾರುಗಳು ಆಗುತ್ತವೆ. ಬಿಜಾಪುರದ ಬಾದಶಹನ ಕಾಲದಿಂದ ಬಂದದ್ದೆನ್ನುವ ವಂಶಾವಳಿಯಲ್ಲಿ ಏಳೇ ಹೆಸರುಗಳಿದ್ದರೆ ನಡುವಿನ ಕೆಲವು ಕೊಂಡಿಗಳು ಬಿಟ್ಟುಹೋಗಿವೆಯೆಂದು ತಿಳಿಯಬೇಕಾಗುತ್ತದೆ.

ಅಡ್ಡಹೆಸರುಗಳಲ್ಲಿ ಕೆಲವು ಹುದ್ದೆಯಿಂದ (ಪಾಟೀಲ, ಕುಲಕರ್ಣಿ, ದೇಸಾಯಿ), ಕೆಲವು ಕಸುಬಿನಿಂದ (ಬಡಿಗೇರ, ಕುಂಬಾರ, ಹೂಗಾರ), ಕೆಲವು ಊರಿನಿಂದ ಬಂದವು. ಪಾಟೀಲ ಎಂಬ ಅಡ್ಡಹೆಸರು ಹಲವು ಜಾತಿ ಧರ್ಮಗಳಲ್ಲಿ ಇರುವುದರಿಂದ ಅದೊಂದರಿಂದಲೇ ರಕ್ತಸಂಬಂಧವನ್ನು ಹೇಳಲಾಗದು. ಊರಿನ ಹೆಸರನ್ನು ಹೊತ್ತ ಮನೆತನವು ಸಾಮಾನ್ಯವಾಗಿ ಆ ಊರನ್ನು ಬಿಟ್ಟು ಬಂದ ಮನೆತನವಾಗಿರುತ್ತದೆ. ಊರಲ್ಲಿಯೇ ಉಳಿದವರನ್ನು ಊರಿನ ಹೆಸರಿನಿಂದ ಕರೆಯುವ ಅಗತ್ಯ ಬೀಳುವುದಿಲ್ಲ. ಇಂಥ ಅಡ್ಡಹೆಸರು ವಲಸೆಯ ದಿಕ್ಕನ್ನು ತೋರಿಸುತ್ತದೆ. ದತ್ತು ಹೋದವನ ಹೆಸರಿನೊಂದಿಗೆ ದತ್ತು ತಂದೆಯ ಹೆಸರು ಸೇರುವುದರಿಂದ ಜನ್ಮದ ಮನೆತನವನ್ನು ದತ್ತಕಪತ್ರದ ಮೂಲಕವೇ ತಿಳಿಯಬೇಕಾಗುತ್ತದೆ.

ಆಡಳಿತ ಗಡಿಗಳ ಬದಲಾವಣೆಯನ್ನೂ ಗಮನಿಸಬೇಕು. 2009ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಬಳಿಕ ಜೇವರ್ಗಿ ತಾಲ್ಲೂಕಿನಿಂದ ಯಡ್ರಾಮಿ ತಾಲ್ಲೂಕು ಬೇರ್ಪಟ್ಟಿತು. ಹೀಗಾಗಿ ಒಂದೇ ಊರಿನ ಹಳೆಯ ಮತ್ತು ಹೊಸ ದಾಖಲೆಗಳಲ್ಲಿ ತಾಲ್ಲೂಕಿನ ಅಥವಾ ಜಿಲ್ಲೆಯ ಹೆಸರು ಬೇರೆಯಾಗಿರಬಹುದು.

ವಂಶಾವಳಿಗಳ ವಿಶ್ವಾಸಾರ್ಹತೆ

ವತನದ ವ್ಯಾಜ್ಯಕ್ಕಾಗಿ ಬರೆಸಿದ ಕರೀನಾದಲ್ಲಿ ಪ್ರತಿಸ್ಪರ್ಧಿ ಶಾಖೆಯನ್ನು ಕೈಬಿಡುವ, ತಮ್ಮ ಮೂಲಪುರುಷನ ಕಾಲವನ್ನು ಹಿಂದಕ್ಕೆ ಒಯ್ಯುವ ಪ್ರವೃತ್ತಿ ಸಹಜವಾಗಿತ್ತು. ಇಂಗ್ಲೆಂಡಿನಲ್ಲಿ ಕುಲಲಾಂಛನದ ಹಕ್ಕನ್ನು ಪರಿಶೀಲಿಸಲು 1530ರಿಂದ 1688ರವರೆಗೆ ರಾಜಾಧಿಕಾರಿಗಳು ಸಂಗ್ರಹಿಸಿದ ವಂಶವೃಕ್ಷಗಳಲ್ಲಿಯೂ ಇದೇ ದೋಷ ಕಂಡುಬರುತ್ತದೆ. ಆದ್ದರಿಂದ ಒಂದು ವಂಶಾವಳಿಯನ್ನು ಒಪ್ಪುವ ಮೊದಲು ಅದನ್ನು ಯಾರು, ಯಾವಾಗ, ಯಾವ ಹಕ್ಕಿಗಾಗಿ ಬರೆಸಿದರು ಎಂಬುದನ್ನು ವಿಚಾರಿಸಬೇಕು. ಎದುರು ಪಕ್ಷದ ಕರೀನಾ, ಸಾಕ್ಷಿಗಳ ಪಟ್ಟಿ, ಭೂದಾಖಲೆ ಮತ್ತು ಹೆಳವರ ಹೇಳಿಕೆಗಳನ್ನು ಒಂದರೊಡನೊಂದು ಹೋಲಿಸಿದಾಗ ಎಲ್ಲವೂ ಒಪ್ಪುವ ಭಾಗವನ್ನು ಹೆಚ್ಚು ನಂಬಬಹುದು. ಮೂಲಕ್ಕೆ ಹೋಗುವ ಬದಲು ಇಂದಿನಿಂದ ಹಿಂದಕ್ಕೆ, ಒಂದೊಂದು ತಲೆಮಾರನ್ನು ದೃಢಪಡಿಸಿಕೊಂಡು ಸಾಗುವುದು ಅಂಗೀಕೃತ ಕ್ರಮ.

ಸ್ವಾತಂತ್ರ್ಯಾನಂತರದ ದಾಖಲೆಗಳು

1950ರ ಹೈದರಾಬಾದ್ ಗೇಣಿ ಕಾಯಿದೆ, 1954–55ರ ಖಾಸ್ರಾ ಪಹಣಿ ಮತ್ತು 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಗಳು ವಂಶಾವಳಿ ಶೋಧನೆಯ ಸ್ವರೂಪವನ್ನು ಬದಲಾಯಿಸಿದವು. ಗೇಣಿದಾರರು ಭೂನ್ಯಾಯಮಂಡಳಿಗೆ ಸಲ್ಲಿಸಿದ ಫಾರಂ ನಂ. 7ರ ಅರ್ಜಿಗಳಲ್ಲಿ ಹಿಂದೆಂದೂ ದಫ್ತರಗಳಲ್ಲಿ ಕಾಣದಿದ್ದ ಸಾಗುವಳಿದಾರ ಕುಟುಂಬಗಳ ಹೆಸರುಗಳು ದಾಖಲಾದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಪಾಟೀಲ ಮತ್ತು ಕುಲಕರ್ಣಿಗಳ ವಂಶಪಾರಂಪರ್ಯ ಅಧಿಕಾರವನ್ನು ಕೊನೆಗೊಳಿಸಿತು. ಅವರ ಮನೆಗಳಲ್ಲಿದ್ದ ಕಾಗದಗಳಿಗೆ ಆಡಳಿತಾತ್ಮಕ ಬೆಲೆ ಇಲ್ಲವಾದ ಮೇಲೆ ಎಷ್ಟೋ ದಫ್ತರಗಳು ಅಟ್ಟದ ಮೇಲೆಯೇ ಉಳಿದವು. ಶಾಲಾ ದಾಖಲಾತಿ ಪುಸ್ತಕಗಳು ಮತ್ತು 1969ರ ಕಾಯಿದೆಯನ್ವಯದ ಜನನ ಮರಣ ನೋಂದಣಿಗಳು ಇತ್ತೀಚಿನ ತಲೆಮಾರುಗಳಿಗೆ ಆಧಾರ.

1947–48ರ ರಜಾಕಾರರ ಹಾವಳಿ ಮತ್ತು ಅದರ ಬೆನ್ನಿಗೆ ನಡೆದ ಹಿಂಸೆಯಲ್ಲಿ ಗಡಿಭಾಗದ ಅನೇಕ ಕುಟುಂಬಗಳು ಊರು ತೊರೆದವು. 1972ರ ಬರಗಾಲದಂಥ ಸಂಕಷ್ಟಗಳಲ್ಲಿ ಸೊಲ್ಲಾಪುರ, ಮುಂಬಯಿ, ಪುಣೆ ಮತ್ತು ಹೈದರಾಬಾದುಗಳಿಗೆ ಗುಳೆ ಹೋದವರಿದ್ದಾರೆ. 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಮನೆಯೊಂದರಲ್ಲೇ ಇರುವ ಏಕಪ್ರತಿಗಳಿಗೆ ಇಂಥ ವಿಪತ್ತುಗಳಿಂದ ಒದಗುವ ಅಪಾಯ ದೊಡ್ಡದು.

ಪ್ರಸ್ತುತ ಮಹತ್ವ

ವಂಶಾವಳಿಯು ಇಂದಿಗೂ ಹಕ್ಕಿನ ದಾಖಲೆಯಾಗಿ ಉಳಿದಿದೆ. ಮೃತ ಖಾತೆದಾರನ ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬೇಕಾಗುತ್ತದೆ. ಜಾತಿ ಪ್ರಮಾಣಪತ್ರದ ಪರಿಶೀಲನೆಯಲ್ಲಿ ತಂದೆ ಅಜ್ಜಂದಿರ ದಾಖಲೆಗಳನ್ನು ನೋಡಲಾಗುತ್ತದೆ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಸೇರಿದ 371ಜೆ ವಿಧಿಯ ಸೌಲಭ್ಯಗಳಿಗೆ ಸ್ಥಳೀಯ ವ್ಯಕ್ತಿ ಎಂಬ ಅರ್ಹತಾ ಪ್ರಮಾಣಪತ್ರ ಬೇಕಾಗಿರುವುದರಿಂದ, ಗುಳೆ ಹೋಗಿ ಮರಳಿದ ಕುಟುಂಬಗಳಿಗೆ ಊರಿನೊಂದಿಗಿನ ಸಂಬಂಧವನ್ನು ತೋರಿಸುವ ಕಾಗದಗಳು ಶಿಕ್ಷಣ ಮತ್ತು ಉದ್ಯೋಗದ ಪ್ರಶ್ನೆಯಾಗಿ ಪರಿಣಮಿಸಿವೆ.

ಹೆಣ್ಣುಮಕ್ಕಳ ಹೆಸರುಗಳ ವಿಷಯದಲ್ಲಿ ಹಳೆಯ ರೂಢಿ ಮತ್ತು ಇಂದಿನ ಕಾನೂನಿನ ನಡುವೆ ಅಂತರವಿದೆ. ಕರ್ನಾಟಕವು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಂದ ತಿದ್ದುಪಡಿಯು ಅದಕ್ಕೆ ಮುನ್ನ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಾನ ಹಕ್ಕನ್ನು ನೀಡಿತು. 2005ರ ಕೇಂದ್ರ ತಿದ್ದುಪಡಿಯು ಆ ಹಕ್ಕನ್ನು ವಿಸ್ತರಿಸಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ, 2005ರಲ್ಲಿ ತಂದೆ ಜೀವಂತವಾಗಿರದಿದ್ದರೂ ಮಗಳಿಗೆ ಈ ಹಕ್ಕಿದೆಯೆಂದು ತೀರ್ಪಿತ್ತಿತು. ಮಹಜರು, ಮುಂತಖಬ್ ಮತ್ತು ಹೆಳವರ ಪುಸ್ತಕಗಳೆಲ್ಲ ಮುಖ್ಯವಾಗಿ ಗಂಡುಸಂತತಿಯನ್ನು ಅನುಸರಿಸಿ ಬರೆದವು. ಅವನ್ನು ಹಾಗೆಯೇ ನಕಲು ಮಾಡಿ ತಯಾರಿಸಿದ ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟುಹೋದರೆ ಆಕೆಯ ಪಾಲಿನ ಜಮೀನು ಪಹಣಿಯಲ್ಲಿ ಸಹೋದರರ ಹೆಸರಿಗೆ ಮಾತ್ರ ದಾಖಲಾಗುತ್ತದೆ. ಆದ್ದರಿಂದ ಹಳೆಯ ಆಕರಗಳಿಂದ ವಂಶವೃಕ್ಷ ರಚಿಸುವಾಗ ನಿಕಾಹ್ ಪುಸ್ತಕ, ಬಕ್ಷೀಸು ಪತ್ರ, ಜೀವನಾಂಶದ ಕರಾರು ಮತ್ತು ತವರುಮನೆಯ ಹಿರಿಯರ ನೆನಪುಗಳ ಮೂಲಕ ಹೆಣ್ಣುಮಕ್ಕಳ ಶಾಖೆಗಳನ್ನೂ ಗುರುತಿಸಿ ಸೇರಿಸುವುದು ಅವಶ್ಯಕ.